ಮೂರು ಹಸುವಿನ ಬಾಂಡು

ಪಿಗ್ಮಿ ಕೆಲಸದಲ್ಲಿ ಬಡ್ತಿ ಅನ್ನುವುದೇ ಇಲ್ಲ. ಸೇರಿದ ದಿನ ಏನಾಗಿದ್ದೆನೋ ಬಿಟ್ಟ ದಿನವೂ ಅದೇ ಆಗಿದ್ದೆ. ಅಂಗಡಿ ಅಂಗಡಿಗೆ, ಮನೆ ಮನೆಗೆ ಹೋಗಿ ಜನ ದಿನಾ ಉಳಿಸಿ ಕೊಡುವ ಹತ್ತಿಪ್ಪತ್ತು ರೂಪಾಯಿಯನ್ನು ತಂದು ಬ್ಯಾಂಕಿಗೆ ಕಟ್ಟುವವನು. ಹಾಗಾಗಿ ಯಾವಾಗ ಯಾವ ಕುರ್ಚಿಗೆ ಏರಿದೆ ಎಂದು ಬರೆಯುವ ತೊಂದರೆ ನನಗಿಲ್ಲ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅರಕೆರೆಯ ನಮ್ಮ ಗದ್ದೆ ಅಣ್ಣತಮ್ಮಂದಿರಲ್ಲಿ ಹಂಚಿಕೆಯಾದ ಮೇಲೆ ನನ್ನ ಪಾಲಿನದರಲ್ಲಿ ಸಂಸಾರ ಸಾಗುವಂತಿರಲಿಲ್ಲ. ಒಂದು ಸೈಕಲ್ಲು, ಒಂದು ಚರ್ಮದ ಬ್ಯಾಗು ಹಿಡಿದು ಈ ಕೆಲಸಕ್ಕೆ ಇಳಿದೆ. ಬಿಸಿಲಲ್ಲಿ ಹೋಗಿದ್ದೇನೆ, ಜ್ವರದಲ್ಲಿ ಹೋಗಿದ್ದೇನೆ, ಮಗಳ ನಿಶ್ಚಿತಾರ್ಥದ ಬೆಳಿಗ್ಗೆಯೂ ಒಂದು ಸುತ್ತು ಮುಗಿಸಿ ಬಂದಿದ್ದೇನೆ. ಯಾರ ಒಂದು ರೂಪಾಯಿಯೂ ನನ್ನ ಕೈಯಲ್ಲಿ ಹೆಚ್ಚುಕಮ್ಮಿಯಾಗಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಈಗ ಈ ಕೆಲಸಕ್ಕೆ ಸೇರುವವರು ಮನೆಗೆ ಬಂದು ಕೇಳುತ್ತಾರೆ. ಅವರಿಗೆ ಬ್ಯಾಂಕಿನವರು ಎಲ್ಲವನ್ನೂ ಕಲಿಸಿರುತ್ತಾರೆ. ನಮ್ಮ ಕಾಲದಲ್ಲಿ ಕಾರ್ಡಿನಲ್ಲಿ ಪೆನ್ನಿನಿಂದ ಬರೆದು ಸಹಿ ಹಾಕುತ್ತಿದ್ದೆವು. ಆಮೇಲೆ ಚೀಟಿ ಹರಿದು ಕೊಡುವ ಅಂಗೈಯಗಲದ ಮಿಷನ್ನು ಬಂತು. ಈಗ ಫೋನಿನಲ್ಲೇ ಎಲ್ಲ. ನಾನು ಕೊಟ್ಟ ಚೀಟಿಯ ಮೇಲೆ ಹೂವಿನ ಅಂಗಡಿಯವಳೊಬ್ಬಳು ಮಿಷನ್ನನ್ನು ನಂಬದೆ, "ಅಣ್ಣ, ಇದ್ರ ಮ್ಯಾಲೆ ನಿನ್ ಕೈಲೊಂದು ಗೀಟು ಎಳ್ದುಬುಡು" ಎಂದು ಎಷ್ಟೋ ತಿಂಗಳು ಗೀಟು ಹಾಕಿಸಿಕೊಂಡಳು. ಮಿಷನ್ನು ಒತ್ತುವುದನ್ನು ಯಾರು ಬೇಕಾದರೂ ಕಲಿಯಬಹುದು. ಗಿರಾಕಿಗೆ ಉತ್ತರ ಕೊಡುವುದು ಬೇರೆ. "ಇಷ್ಟು ಕಟ್ಟಿದರೆ ಕೊನೆಗೆ ಎಷ್ಟು ಬರುತ್ತದೆ?" ಎನ್ನುವುದು ಸುಲಭದ ಪ್ರಶ್ನೆ. "ಬಂದ ದುಡ್ಡಿಗೆ ಅವತ್ತು ಏನು ಬರುತ್ತದೆ?" ಎನ್ನುವುದು ಕಷ್ಟದ್ದು. ಆ ಎರಡನೆಯದನ್ನು ನಾನು ಕಲಿತದ್ದು ಹೇಗೆ ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅದನ್ನು ಮೊದಲು ನನ್ನ ಮುಂದೆ ಇಟ್ಟವರು ನಾಗಮಂಗಲದ ಒಬ್ಬ ದರ್ಜಿ, ಕರೀಂ ಸಾಹೇಬರು. ಹೊಸ ಹೊಲಿಗೆ ಮಿಷನ್ನು ಕೊಳ್ಳಬೇಕೆಂದು ನನ್ನ ಹತ್ತಿರ ಪಿಗ್ಮಿ ಕಟ್ಟುತ್ತಿದ್ದರು. ಅಂಗಡಿಗೆ ಹೋಗಿ ಬೆಲೆ ಕೇಳಿಕೊಂಡು ಬಂದು, ಆ ಬೆಲೆಗೆ ಸರಿಯಾಗಿ ದಿನದ ಮೊತ್ತ ಗೊತ್ತು ಮಾಡಿಕೊಂಡಿದ್ದರು. ಅವಧಿ ತುಂಬಿತು, ಬಡ್ಡಿ ಸೇರಿಸಿ ದುಡ್ಡು ಕೊಟ್ಟೆ. ಮಿಷನ್ ಅಂಗಡಿಗೆ ಹೋದವರು ಬರಿಗೈಯಲ್ಲಿ ವಾಪಸು ಬಂದರು.

"ಕ್ಯಾ ಗೌಡ್ರೇ, ನಿಮ್ದು ಬಡ್ಡಿ ಕುಂಟ್ತಾ ಬರ್ತದೆ, ಅಂಗಡಿಯವನ್ದು ರೇಟು ಕುದುರೆ ಮೇಲೆ ಹೋಗ್ತದೆ" ಎಂದು ನಕ್ಕರು. ನಗುತ್ತಲೇ ಮತ್ತೆ ಹೊಸ ಪಿಗ್ಮಿ ಶುರುಮಾಡಿದರು. ನನಗೆ ನಗು ಬರಲಿಲ್ಲ. ನಾನು ಕೊಟ್ಟ ಮಾತಿನಂತೆ ದುಡ್ಡು ಕೊಟ್ಟಿದ್ದೆ, ಆದರೂ ಅವರಿಗೆ ಮಿಷನ್ನು ಸಿಕ್ಕಿರಲಿಲ್ಲ. ತಪ್ಪೆಲ್ಲಿದೆ ಎಂದು ಆಗಿನ ಮ್ಯಾನೇಜರನ್ನು ಕೇಳಿದೆ. ಅವರು ಕತ್ತು ಎತ್ತದೆ, "ದುಡ್ಡು ತರೋದು ನಿನ್ನ ಕೆಲಸ, ಯೋಚನೆ ಮಾಡೋದು ನಮ್ಮ ಕೆಲಸ" ಎಂದರು. ಅವರು ಕೆಟ್ಟವರಲ್ಲ, ಬಿಡಿ. ಆದರೆ ಆ ಮಾತು ನನಗೆ ಬಹಳ ದಿನ ಚುಚ್ಚಿತು.

ಮುಂದೆ ಕೆ.ಆರ್. ಪೇಟೆಯಲ್ಲಿ ಕೆಲವು ವರ್ಷ ಸುತ್ತಿ, ಕೊನೆಗೆ ಪಾಂಡವಪುರದ ಶಾಖೆಗೆ ಬಂದೆ. ಕ್ಯಾತನಹಳ್ಳಿ, ಚಿನಕುರಳಿ ನನ್ನ ಸುತ್ತಿಗೆ ಸೇರಿದವು. ಅಲ್ಲಿ ಅಲಮೇಲು ಮೇಡಂ ಮ್ಯಾನೇಜರಾಗಿ ಬಂದದ್ದು ನನ್ನ ಪುಣ್ಯ.

ಶ್ರೀರಂಗಪಟ್ಟಣದ ದೇವಸ್ಥಾನದ ಬೀದಿಯವರು. ತಂದೆ, ಅಣ್ಣ ಇಬ್ಬರೂ ದೇವರ ಸೇವೆಯಲ್ಲಿದ್ದವರು. ಬೆಳಿಗ್ಗೆ ಬಸ್ಸಿನಲ್ಲಿ ಬಂದು ಶಾಖೆಯ ಬಾಗಿಲು ತೆಗೆಯುವ ಮುಂಚೆಯೇ ಮೆಟ್ಟಿಲ ಮೇಲೆ ನಿಂತಿರುತ್ತಿದ್ದರು. ಶನಿವಾರ ಅರ್ಧ ದಿನದ ಕೆಲಸ ಮುಗಿದ ಮೇಲೆ ಗುಮಾಸ್ತರು, ಅಟೆಂಡರು, ಪಿಗ್ಮಿಯವರು ಎಲ್ಲರನ್ನೂ ಒಂದೇ ಸುತ್ತಿನಲ್ಲಿ ಕೂರಿಸಿಕೊಂಡು, ತಾವು ತಂದ ಪುಳಿಯೋಗರೆಯನ್ನು ಹಂಚಿ, ಆ ವಾರ ಯಾವ ಗಿರಾಕಿಗೆ ಯಾವ ಮಾತು ಅರ್ಥವಾಗಲಿಲ್ಲ ಎಂದು ಕೇಳುತ್ತಿದ್ದರು. "ಗಿರಾಕಿಗೆ ಅರ್ಥವಾಗಲಿಲ್ಲ ಅಂದರೆ ನಮಗೇ ಅರ್ಥವಾಗಿಲ್ಲ ಅಂತ" ಎನ್ನುವುದು ಅವರ ಲೆಕ್ಕ. ತಮಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಎಲ್ಲರೆದುರು ಹೇಳಿ, ಹೆಡ್ಡಾಫೀಸಿಗೆ ಫೋನು ಮಾಡಿ ತಿಳಿದು, ಮುಂದಿನ ಶನಿವಾರ ಮರೆಯದೆ ಹೇಳುತ್ತಿದ್ದರು. ನಾನು ಕರೀಂ ಸಾಹೇಬರ ಮಿಷನ್ನಿನ ಕಥೆ ಹೇಳಿದಾಗ ಅವರು ತಮ್ಮ ತಟ್ಟೆಯನ್ನು ಬದಿಗಿಟ್ಟು ಪೂರ್ತಿ ಕೇಳಿದರು. "ಇಷ್ಟು ವರ್ಷ ಈ ಪ್ರಶ್ನೆ ಇಟ್ಟುಕೊಂಡು ಓಡಾಡ್ತಿದ್ದೀರಾ ಗೌಡರೇ?" ಎಂದರು. ನನ್ನನ್ನು ಬ್ಯಾಂಕಿನವರೊಬ್ಬರು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

ಆ ಹೊತ್ತಿಗೆ ಬೆಲೆ ಏರಿಕೆಗೆ ಹೊಂದಿಸಿದ ಸರ್ಕಾರಿ ಬಾಂಡು ಬ್ಯಾಂಕುಗಳಿಗೆ ಬಂದಿತ್ತು. ಹತ್ತು ವರ್ಷದ್ದು. ಬಡ್ಡಿ ಇಷ್ಟೇ ಎಂದು ಮೊದಲೇ ಹೇಳುವುದಿಲ್ಲ, ಬೆಲೆಗಳು ಏರಿದಂತೆ ಬಡ್ಡಿಯೂ ಏರುತ್ತದೆ ಎಂದು ಕಾಗದದಲ್ಲಿತ್ತು. ನಮ್ಮಲ್ಲಿ ಯಾರೂ ಕೊಳ್ಳಲಿಲ್ಲ. ಬಡ್ಡಿ ಎಷ್ಟೆಂದು ಹೇಳಲಾಗದ ಬಾಂಡನ್ನು ಯಾರು ತಾನೇ ಕೊಳ್ಳುತ್ತಾರೆ?

ಕೊಂಡವಳು ಕ್ಯಾತನಹಳ್ಳಿಯ ಸಣ್ಣಮ್ಮ.

ಸಣ್ಣಮ್ಮನ ತಂಗಿಯನ್ನು ಚಿನಕುರಳಿಗೆ ಕೊಟ್ಟಿದ್ದರು. ತಂಗಿಯ ಗಂಡ ಮೊದಲೇ ತೀರಿಹೋಗಿದ್ದ, ಆಮೇಲೆ ತಂಗಿಯೂ ಕಾಯಿಲೆಯಲ್ಲಿ ಹೋದಳು. ಭಾಗ್ಯ ಎಂಬ ಹೆಣ್ಣುಮಗು ಉಳಿಯಿತು. ತಂದೆಯ ಕಡೆಯ ಜಮೀನು ದೊಡ್ಡಪ್ಪ ಬೋರೇಗೌಡನ ನೋಡಿಕೆಯಲ್ಲಿ ಇರಲಿ, ಮಗು ದೊಡ್ಡವ್ವ ಸಣ್ಣಮ್ಮನ ಹತ್ತಿರ ಬೆಳೆಯಲಿ ಎಂದು ಎರಡೂ ಕಡೆಯವರು ಕೂತು ಮಾತಾಡಿದರು. ತಾಯಿ ಸಾಕಿದ್ದ ಮೂರು ಸೀಮೆಹಸುಗಳು ಮಗುವಿನ ಜೊತೆಗೇ ಬಂದವು. ಅವತ್ತು ಸಣ್ಣಮ್ಮ ಹತ್ತು ಜನರೆದುರು, "ಇವು ನಮ್ಮ ತಂಗೀವು. ಮಗ ದೊಡ್ಡೋಳಾದ ದಿನ ಮೂರು ಹಸ ಮೂರೇ ಆಗಿ ಕೊಡ್ತೀನಿ" ಎಂದಿದ್ದಳು. ನಮ್ಮ ಕಡೆ ಹೀಗೆ ದನ, ಭತ್ತ, ಬೆಳ್ಳಿಯನ್ನು ವಹಿಸಿಕೊಂಡರೆ ಅದನ್ನೇ ತಿರುಗಿ ಕೊಡಬೇಕು. ಅಷ್ಟು ಬೆಲೆಯಾಗಿತ್ತು, ತಗೋ ದುಡ್ಡು ಎಂದರೆ ನಡೆಯುವುದಿಲ್ಲ.

ಆದರೆ ಸಣ್ಣಮ್ಮ ಕೊಟ್ಟಿಗೆಯಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡಳು. ಗಂಡ ಕಬ್ಬಿನ ಲಾರಿ ಓಡಿಸುತ್ತ ಊರೂರು ತಿರುಗುವವನು. ಹುಲ್ಲು ತರುವವರಿಲ್ಲ, ಹಾಲು ಕರೆಯುವವರಿಲ್ಲ. ಹಸುಗಳು ಸೊರಗುವುದನ್ನು ನೋಡಲಾಗದೆ ಮಾರಿದಳು. ಆ ದುಡ್ಡನ್ನು ಸೀರೆಯ ಒಳಮಡಿಲಲ್ಲಿ ಕಟ್ಟಿಕೊಂಡು, ಕೋಲೂರಿಕೊಂಡು, ನನ್ನ ಜೊತೆ ಶಾಖೆಗೆ ಬಂದಳು.

"ಮೇಡಮ್ಮಾರೆ, ದುಡ್ಡು ಇಡಕ್ಕೆ ಬಂದಿವ್ನಿ. ಆದ್ರೆ ನಂಗೆ ದುಡ್ಡು ವಾಪಸ್ ಬ್ಯಾಡ."

ಮೇಡಂ ಪೆನ್ನು ಕೆಳಗಿಟ್ಟರು. "ಮತ್ತೇನು ಬೇಕಮ್ಮ?"

"ಮೂರು ಹಸ ವಾಪಸ್ ಬೇಕು. ಹತ್ತು ವರ್ಸ ಆದ್ಮ್ಯಾಕೆ."

ಕ್ಯಾಷಿಯರು ನಕ್ಕರು. ಮೇಡಂ ನಗಲಿಲ್ಲ. ಸಣ್ಣಮ್ಮನಿಗೆ ಕುರ್ಚಿ ಎಳೆದುಕೊಟ್ಟು, ಪೂರಾ ಕೇಳಿದರು. ಕೇಳಿ, ಅವಳಿಗೆ ತಕ್ಕುದು ಆ ಹೊಸ ಬಾಂಡೇ ಎಂದು ಅವರಿಗೆ ಅನ್ನಿಸಿತು. ಅದನ್ನು ಹೇಳಿದ ರೀತಿಯನ್ನು ನಾನು ಮರೆತಿಲ್ಲ.

"ಸಣ್ಣಮ್ಮ, ನಿಮ್ಮ ಮದುವೇಲಿ ಯಾರೋ ಐವತ್ತೊಂದು ರೂಪಾಯಿ ಮುಯ್ಯಿ ಹಾಕಿದ್ರು ಅಂತಿಟ್ಕೊಳ್ಳಿ. ಈಗ ಅವರ ಮನೇಲಿ ಮದುವೆ. ನೀವೂ ಐವತ್ತೊಂದೇ ಹಾಕ್ತೀರಾ?"

"ಥೂ! ಮಕ ತೋರ್ಸಕ್ಕಾದದಾ ಮೇಡಮ್ಮಾರೆ? ಅವತ್ತು ಐವತ್ತೊಂದಕ್ಕೆ ಒಂದು ಸೀರೆ ಬತ್ತಿತ್ತು. ಇವತ್ತು ಸೀರೆ ಕಾಸಾದ್ರೂ ಆಕ್ಬೇಕಲ್ವಾ."

"ಸೀರೆ ಕಾಸು ಸರಿಯಾಗಿ ಹಾಕಿದ್ರೆ ಸಾಕಾ?"

"ಸಾಕು ಅಂದ್ರೆ ಸಾಕು. ಆದ್ರೂ ಮ್ಯಾಲೆ ಒಂಚೂರು ಸೇರ್ಸಿ ಆಕ್ತೀವಿ. ಸರಿಗ್ ಸರಿ ಆಕ್ಬುಟ್ರೆ ನಿಮ್ಮ ನಂಟು ಬ್ಯಾಡ ಅಂದಂಗಾಯ್ತದೆ."

ಮೇಡಂ ನಮ್ಮ ಕಡೆ ತಿರುಗಿ, "ಈ ಬಾಂಡು ಅಂದ್ರೆ ಇಷ್ಟೇ ನೋಡಿ. ಸೀರೆ ಬೆಲೆ ಏರಿದಷ್ಟು ಒಂದು ಭಾಗ, ಮೇಲೆ ಸೇರಿಸೋ ಒಂಚೂರು ಇನ್ನೊಂದು ಭಾಗ" ಎಂದರು.

ಈಗ ಕೆಲಸಕ್ಕೆ ಬರುವವರಿಗಾಗಿ ಆ ಲೆಕ್ಕವನ್ನು ನನಗೆ ತಿಳಿದಂತೆ ಬಿಡಿಸಿ ಬರೆಯುತ್ತೇನೆ. ಅಂಕಿಗಳು ತಿಳಿಯಲಿ ಎಂದು ಇಟ್ಟುಕೊಂಡವು, ಯಾವ ವರ್ಷದವೂ ಅಲ್ಲ. ಒಂದು ಮನೆ ಕೊಳ್ಳುವ ಅಕ್ಕಿ, ಬೇಳೆ, ಬಟ್ಟೆ, ಸೋಪು, ಬಸ್ ಚಾರ್ಜು, ಔಷಧಿ, ಬಾಡಿಗೆ ಎಲ್ಲವನ್ನೂ ಒಂದು ಬುಟ್ಟಿಯೆಂದು ಇಟ್ಟುಕೊಳ್ಳಿ. ಇವತ್ತು ಬುಟ್ಟಿಯ ಬೆಲೆ ನೂರು ರೂಪಾಯಿ. ಆರು ತಿಂಗಳಲ್ಲಿ ನೂರ ನಾಲ್ಕಾಯಿತು. ಬೆಲೆ ಏರಿದ್ದು ನೂರಕ್ಕೆ ನಾಲ್ಕು. ಮೇಲೆ ಸೇರಿಸುವ ಒಂಚೂರು ಆ ಬಾಂಡಿನಲ್ಲಿ ವರ್ಷಕ್ಕೆ ಒಂದೂವರೆ ಇತ್ತು, ಆರು ತಿಂಗಳಿಗೆ ಮುಕ್ಕಾಲು. ಎರಡೂ ಕೂಡಿದರೆ ನಾಲ್ಕೂಮುಕ್ಕಾಲು. ನಿಮ್ಮ ನೂರು ರೂಪಾಯಿ ನೂರ ನಾಲ್ಕೂಮುಕ್ಕಾಲು ಆಯಿತು. ಅದನ್ನು ಕೈಗೆ ಕೊಡುವುದಿಲ್ಲ, ಅಸಲಿಗೇ ಸೇರಿಸುತ್ತಾರೆ. ಮುಂದಿನ ಆರು ತಿಂಗಳ ಲೆಕ್ಕ ನೂರರ ಮೇಲಲ್ಲ, ನೂರ ನಾಲ್ಕೂಮುಕ್ಕಾಲರ ಮೇಲೆ. ಹೀಗೆ ಹತ್ತು ವರ್ಷ ಸೇರುತ್ತ ಹೋಗಿ ಕೊನೆಗೆ ಒಟ್ಟಿಗೆ ಬರುತ್ತದೆ. ಬುಟ್ಟಿಯ ಬೆಲೆ ಮಾತ್ರ ಮೂರು ತಿಂಗಳ ಹಿಂದಿನದು. ಊರೂರಿನ ಬೆಲೆ ತಂದು ಕೂಡಿಸಿ ಹೇಳಬೇಕಲ್ಲ, ಅದಕ್ಕೆ ಹೊತ್ತು ಬೇಕು. ಡೇರಿಗೆ ಹಾಕಿದ ಹಾಲಿನ ಬಟವಾಡೆ ಆಮೇಲೆ ಬರುವ ಹಾಗೆ.

ಸಾದಾ ಎಫ್.ಡಿ.ಯನ್ನೂ ಇದೇ ಬುಟ್ಟಿಯ ಪಕ್ಕ ಇಟ್ಟು ನೋಡುವುದನ್ನು ಮೇಡಂ ಕಲಿಸಿದರು. ಎಫ್.ಡಿ. ವರ್ಷಕ್ಕೆ ನೂರಕ್ಕೆ ಒಂಬತ್ತು ಕೊಟ್ಟು, ಬುಟ್ಟಿಯ ಬೆಲೆ ಎಂಟು ಏರಿದರೆ ನಿಮಗೆ ದಕ್ಕಿದ್ದು ಹೆಚ್ಚುಕಡಿಮೆ ಒಂದು ರೂಪಾಯಿಯಷ್ಟೇ. ಬುಟ್ಟಿ ಹತ್ತು ಏರಿದರೆ, ಒಂಬತ್ತು ಬಡ್ಡಿ ತಗೊಂಡೂ ನೀವು ಸೋತಿರಿ. ಕರೀಂ ಸಾಹೇಬರು ಸೋತದ್ದು ಅಲ್ಲೇ ಎಂದು ನನಗೆ ಅವತ್ತು ಹೊಳೆಯಿತು.

ಇಷ್ಟು ಹೇಳಿ ಸಹಿ ಹಾಕಿಸಿಕೊಂಡಿದ್ದರೆ ಅವರು ಬರೀ ಜಾಣ ಮ್ಯಾನೇಜರು ಅನ್ನಿಸಿಕೊಳ್ಳುತ್ತಿದ್ದರು. ಅವರು ಮುಂದುವರಿದು, "ಸಣ್ಣಮ್ಮ, ಒಂದು ಮಾತು ಕೇಳಿಸ್ಕೊಳ್ಳಿ. ಇದು ಹಸು ಬೆಲೆ ಲೆಕ್ಕ ಅಲ್ಲ, ಎಲ್ಲ ಸಾಮಾನಿನ ಲೆಕ್ಕ. ಹಸು ಬೆಲೆ ಬೇರೆಲ್ಲದಕ್ಕಿಂತ ಜೋರಾಗಿ ಓಡಿದ್ರೆ ನಿಮಗೆ ಕಡಿಮೆ ಬೀಳುತ್ತೆ" ಎಂದರು.

"ಎಷ್ಟು ಬೀಳ್ಬೋದು?"

"ಅದು ನನಗೂ ಗೊತ್ತಿಲ್ಲಮ್ಮ."

ಸಣ್ಣಮ್ಮ ಮಡಿಲಿನ ಗಂಟು ಬಿಚ್ಚಿದಳು. "ಗೊತ್ತಿಲ್ಲ ಅಂತೀರಲ್ಲ, ಅದ್ಕೇ ಇಲ್ಲೇ ಇಕ್ತೀನಿ. ಎಲ್ಲಾ ಗೊತ್ತು ಅನ್ನೋ ಚೀಟಿಯೋರ್ನ ಬೇಕಾದಷ್ಟು ಕಂಡಿವ್ನಿ."

ಬಾಂಡು ಅವಳ ಹೆಸರಿಗೇ ಆಯಿತು. ನಾಮಿನಿ ಭಾಗ್ಯ.

ಮೊದಮೊದಲು ಎಲ್ಲವೂ ಚೆನ್ನಾಗಿತ್ತು. ಬೆಲೆಗಳು ಜೋರಾಗಿ ಏರುತ್ತಿದ್ದ ಕಾಲ, ಆರಾರು ತಿಂಗಳಿಗೆ ಸೇರುವ ಮೊತ್ತವೂ ದೊಡ್ಡದಾಗಿರುತ್ತಿತ್ತು. ಬೋರೇಗೌಡ ತಾನೇ ಕೇಳಿ ತಿಳಿದುಕೊಂಡು, "ಪರವಾಗಿಲ್ಲ, ಸಣ್ಣಮ್ಮ ಬುದ್ವಂತೆ" ಎನ್ನುತ್ತಿದ್ದ. ಮೂರು ವರ್ಷ ದಾಟಿದ ಮೇಲೆ ಬೆಲೆ ಏರಿಕೆ ನಿಧಾನವಾಯಿತು. ಸೇರುವ ಮೊತ್ತ ಕಡಿಮೆಯಾಯಿತು. ಅದೇ ವರ್ಷ ಬೆಲ್ಲದ ಬೆಲೆಯೂ ಬಿತ್ತು.

ನಮ್ಮ ಕಡೆಯವರಿಗೆ ಒಂದು ಅಭ್ಯಾಸವಿದೆ. ಪ್ರಪಂಚದ ಏರಿಳಿತವನ್ನೆಲ್ಲ ಬೆಲ್ಲದಲ್ಲಿ ಅಳೆಯುತ್ತೇವೆ. ಆಲೆಮನೆಯಲ್ಲಿ ಬೆಲ್ಲಕ್ಕೆ ಬೆಲೆ ಬಂದರೆ ಕಾಲ ಚೆನ್ನಾಗಿದೆ, ಬಿದ್ದರೆ ಎಲ್ಲವೂ ಬಿತ್ತು. ಬೋರೇಗೌಡನದು ಸ್ವಂತ ಆಲೆಮನೆ. ಅವನು ನನ್ನನ್ನು ಚಿನಕುರಳಿಯ ಟೀ ಅಂಗಡಿಯಲ್ಲಿ ಹಿಡಿದ.

"ಏನ್ಲಾ ಪಿಗ್ಮಿ ಗೌಡ, ಮಗೀನ ದುಡ್ಡಿಗೆ ನಾಮ ಹಾಕ್ಬುಟ್ರಲ್ಲೋ!"

"ಯಾರ್ಲಾ ಹಾಕ್ದೋರು?"

"ಬೆಲೆ ಏರಿದಂಗೆ ದುಡ್ಡು ಏರ್ತದೆ ಅಂದ್ರಿ. ಈಗ ಬೆಲ್ಲ ನೆಲ ಕಚ್ಚದೆ. ಅಂಗಾರೆ ಮಗೀನ ದುಡ್ಡೂ ನೆಲ ಕಚ್ಚಂಗಿಲ್ವಾ? ಆಗ್ಲೇ ಕಮ್ಮಿ ಸೇರ್ಸವ್ರೆ. ಮುಂದ್ಕೆ ಇದ್ದುದ್ನೂ ಕಿತ್ಕತ್ತಾರೆ. ಬಾಂಡು ಮುರ್ಸಕ್ಕೆ ಯೋಳು ಅವಳ್ಗೆ."

ಮುರಿಸಲು ಅವಕಾಶವಿತ್ತು. ಮೂರು ವರ್ಷ ತುಂಬಿದ ಮೇಲೆ, ಕೊನೆಯ ಕಂತಿನ ಬಡ್ಡಿಯಲ್ಲಿ ಅರ್ಧ ಬಿಟ್ಟುಕೊಟ್ಟರೆ ದುಡ್ಡು ತೆಗೆಯಬಹುದಾಗಿತ್ತು. ಬೋರೇಗೌಡನಿಗೆ ಅದೂ ಗೊತ್ತಿತ್ತು. ಒಂದು ಚೀಟಿಯಲ್ಲಿ ಹಾಕಿದರೆ ಎರಡು ವರ್ಷಕ್ಕೆ ದುಪ್ಪಟ್ಟು ಎಂದು ಯಾರೋ ಅವನ ಕಿವಿಗೆ ಊದಿದ್ದರು. ಅವನು ಕೆಟ್ಟ ಮನಸ್ಸಿನವನಲ್ಲ, ತಮ್ಮನ ಮಗಳು ಅನ್ನುವ ಹಟ. ಆದರೆ ಹಟದಲ್ಲಿ ಬಾಯಿ ಹರಿಯಬಿಟ್ಟ. ಬಾಂಡು ಯಾರ ಹೆಸರಲ್ಲಿದೆ ನೋಡಿ, ಹಸು ಮಾರಿ ತಿಂದಳು ಎಂಬ ಮಾತು ಹುಟ್ಟಿಕೊಂಡಿತು. ಚಿನಕುರಳಿಯಿಂದ ಕ್ಯಾತನಹಳ್ಳಿಗೆ ಆ ಮಾತು ನನ್ನ ಸೈಕಲ್ಲಿಗಿಂತ ಮುಂಚೆ ತಲುಪಿತು. ನಾನು ಪಿಗ್ಮಿಗೆಂದು ಹೋದಾಗ ಸಣ್ಣಮ್ಮ ಒಲೆಯ ಮುಂದೆ ಕೂತಿದ್ದಳು, ಒಲೆ ಹಚ್ಚಿರಲಿಲ್ಲ.

"ಅಣ್ಣ, ಭಾನುವಾರ ಅವರ ಕಡೆಯೋರು ಬತ್ತಾವ್ರೆ. ಮುರ್ಸು ಅಂದ್ರೆ ಮುರ್ಸ್ಬೇಕಾ? ಮುರ್ಸ್ದೆ ಹೋದ್ರೆ ತಿಂದೋಳು ನಾನು. ಮುರ್ಸಿ ಚೀಟೀಲಿ ಮುಳುಗೋದ್ರೂ ಮೂರು ಹಸ ಕೊಡ್ಬೇಕಾದೋಳು ನಾನೇ."

ನಾನು ಸಮಾಧಾನ ಹೇಳಬಹುದಿತ್ತು. ಆದರೆ ಬೋರೇಗೌಡನನ್ನು ಒಪ್ಪಿಸುವುದು ನನ್ನ ಕೈಲಿ ಆಗುವ ಕೆಲಸವಲ್ಲ ಎಂದು ತಿಳಿದಿತ್ತು. ಮಾರನೆಯ ದಿನ ಮೇಡಂಗೆ ಹೇಳಿದೆ. ಅವರು, "ಭಾನುವಾರ ಎಷ್ಟೊತ್ತಿಗೆ?" ಎಂದಷ್ಟೇ ಕೇಳಿದರು.

ರಜೆಯ ದಿನ, ಸ್ವಂತ ಖರ್ಚಿನಲ್ಲಿ, ಒಬ್ಬ ಮ್ಯಾನೇಜರು ಹಳ್ಳಿಯ ಜಗಲಿಗೆ ಬಂದು ಕೂತದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಬಸ್ಸಿಳಿದು ಛತ್ರಿ ಹಿಡಿದುಕೊಂಡು ನಡೆದೇ ಬಂದರು. ಆಗಲೇ ಬೋರೇಗೌಡ, ಅವನ ಕಡೆಯ ನಾಲ್ಕು ಜನ, ಬೀದಿಯವರು ಎಲ್ಲ ಸೇರಿದ್ದರು. ಭಾಗ್ಯ ಆಗ ಮಿಡ್ಲ್ ಸ್ಕೂಲು. ಚೊಂಬಿನಲ್ಲಿ ನೀರು ತಂದಿಟ್ಟು ಬಾಗಿಲ ಮರೆಯಲ್ಲಿ ನಿಂತಳು.

ಬೋರೇಗೌಡ ಬೆಲ್ಲದ ಮಾತೆತ್ತಿದ. ಮೇಡಂ ತಡೆಯದೆ ಪೂರ್ತಿ ಕೇಳಿದರು.

"ಬೆಲ್ಲ ಬಿದ್ದಿದ್ದು ನಿಜ ಬೋರೇಗೌಡರೇ. ಬೆಲ್ಲ ಬಿತ್ತು ಅಂತ ಕಟಿಂಗ್ ಶಾಪಿನವನು ಈ ತಿಂಗಳು ಕಡಿಮೆ ತಗೊಂಡ್ನಾ?"

"ಅವ್ನೆಲ್ ತಕತ್ತಾನೆ? ಏರ್ಸವ್ನೆ."

"ಬಸ್ಸಿನವನು?"

"ಅವ್ನೂ ಏರ್ಸವ್ನೆ."

"ತೊಗರಿಬೇಳೆ?"

"ಬೇಳೆ ಸುದ್ದಿ ಎತ್ಬ್ಯಾಡಿ ಮೇಡಮ್ಮಾರೆ, ನಮ್ಮನೇಲಿ ಸಾರಲ್ಲಿ ಬೇಳೆ ಉಡುಕ್ಬೇಕು ಈಗ."

ಹಿಂದಿನಿಂದ ಒಬ್ಬಳು, "ಬೆಲ್ಲ ಬಿತ್ತು ಅಂತ ಮನೇಗ್ ಬಂದು ಬೈಯ್ಯಾದ್ನ ಕಮ್ಮಿ ಮಾಡವ್ನಾ ಕೇಳಿ!" ಎಂದಳು. ಅವನ ಹೆಂಡತಿಯೇ. ಎಲ್ಲ ನಕ್ಕರು. ಬೋರೇಗೌಡ, "ನೀನು ಯಾವಾಗ್ ಬಂದ್ಯಮ್ಮಿ?" ಎಂದು ಪೆಚ್ಚಾದ.

"ಬುಟ್ಟೀಲಿ ಬೆಲ್ಲವೂ ಇದೆ ಗೌಡರೇ, ಇಷ್ಟೇ ಇಷ್ಟು" ಎಂದು ಮೇಡಂ ಚಿಟಿಕೆ ಹಿಡಿದು ತೋರಿಸಿದರು.

"ಸರಿ ಬುಡಿ, ಬೆಲ್ಲ ಬ್ಯಾಡ. ಸೇರೋ ದುಡ್ಡು ಕಮ್ಮಿಯಾಗದಲ್ಲ, ಅದ್ಕೇನಂತೀರಿ?"

ಮೇಡಂ ಪಕ್ಕದಲ್ಲಿ ಮಡಿಸಿಟ್ಟಿದ್ದ ಪೇಪರನ್ನು ನೋಡಿದರು. "ದಿನಾ ಪೇಪರಲ್ಲಿ ಮೊದಲು ಏನು ನೋಡ್ತೀರಿ?"

"ಇನ್ನೇನು ನೋಡ್ತೀವಿ, ಕನ್ನಂಬಾಡಿ ಕಟ್ಟೆ ನೀರು. ಒಳಹರಿವು ಎಷ್ಟು, ಮಟ್ಟ ಎಷ್ಟು."

"ಗೇಟೆಲ್ಲ ಮುಚ್ಚಿದೆ, ನಾಲೆಗೂ ಬಿಟ್ಟಿಲ್ಲ ಅಂತಿಟ್ಕೊಳ್ಳಿ. ನಿನ್ನೆಗಿಂತ ಇವತ್ತು ಒಳಹರಿವು ಅರ್ಧ ಆಯ್ತು. ಕಟ್ಟೆ ನೀರು ಇಳಿಯುತ್ತಾ?"

"ಗೇಟು ಮುಚ್ಚದ್ಮ್ಯಾಲೆ ಎಲ್ಲಿಗ್ ಇಳಿದದು? ಏರ್ತದೆ, ನಿಧಾನ್ಕೆ ಏರ್ತದೆ." ಇಷ್ಟು ಹೇಳಿದವನು ಟವಲು ಕೊಡವಿ ಹೆಗಲ ಮೇಲೆ ಹಾಕಿಕೊಂಡ. "ಓಹೋ. ಅಂಗಾ!"

"ಹಂಗೇ. ಬೆಲೆ ಏರಿಕೆ ಅನ್ನೋದು ಒಳಹರಿವು. ಕಡಿಮೆ ಆಯ್ತು ಅಂದ್ರೆ ಬೆಲೆ ಇಳೀತು ಅಂತಲ್ಲ, ನಿಧಾನ ಏರ್ತಿದೆ ಅಂತ. ಮಗು ದುಡ್ಡು ಕಟ್ಟೆ ನೀರು. ಬೆಲೆಗಳು ನಿಜವಾಗ್ಲೂ ಇಳಿದರೂ ಮೇಲಿನ ಆ ಒಂದೂವರೆ ಸೇರೋದು ನಿಲ್ಲಲ್ಲ."

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಆದರೆ ಬೋರೇಗೌಡ ಸುಮ್ಮನಾಗುವ ಆಸಾಮಿಯಲ್ಲ. "ಒಂದ್ ಮಾತು ನಿಜ ಯೋಳಿ. ಈ ವರ್ಸ ಎಫ್.ಡಿ.ಲಿ ಇಟ್ಟಿದ್ರೆ ಇದುಕ್ಕಿಂತ ಜಾಸ್ತಿ ಬತ್ತಿತ್ತೋ ಇಲ್ವೋ?"

ಮೇಡಂ ಒಂದು ಕ್ಷಣವೂ ತಡಮಾಡಲಿಲ್ಲ. "ಬರ್ತಿತ್ತು" ಎಂದರು.

ಗೆದ್ದ ವಾದವನ್ನು ಕೈಯಾರೆ ಬಿಟ್ಟುಕೊಟ್ಟರಲ್ಲ ಎಂದು ನನಗೆ ಅನ್ನಿಸಿತು. ಅವರು ನೆಮ್ಮದಿಯಾಗಿ ಮುಂದುವರಿಸಿದರು. "ಬೆಲೆ ತಣ್ಣಗಿರೋ ವರ್ಷ ಎಫ್.ಡಿ. ಮುಂದೆ. ಬೆಲೆ ಹುಚ್ಚೆದ್ದ ವರ್ಷ ಇದು ಮುಂದೆ. ಮುಂದಿನ ಏಳು ವರ್ಷ ಹೇಗಿರುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸಣ್ಣಮ್ಮ ನನ್ನ ಹತ್ರ ಬಂದಾಗ ಜಾಸ್ತಿ ಎಲ್ಲಿ ಬರುತ್ತೆ ಅಂತ ಕೇಳಲಿಲ್ಲ. ಹಸು ಕಳಕೊಳ್ಳಬಾರದು ಅಂತ ಕೇಳಿದರು. ಅದಕ್ಕೆ ಇದನ್ನು ಹೇಳಿದೆ. ಈಗ ಮುರಿಸೋದು ಬಿಡೋದು ಅವರಿಷ್ಟ. ಮುರಿಸೋದಾದರೆ ನಾಳೆ ಬೆಳಿಗ್ಗೆಯೇ ನಾನೇ ಮಾಡಿಕೊಡ್ತೀನಿ."

ಎಲ್ಲರೂ ಸಣ್ಣಮ್ಮನನ್ನು ನೋಡಿದರು. ಅವಳು ಗೋಡೆ ಹಿಡಿದು ಎದ್ದು ನಿಂತಳು.

"ಮುರ್ಸಲ್ಲ."

ಬೋರೇಗೌಡ ತಲೆ ಕೆರೆದುಕೊಂಡ. "ನೀನು ಮುರ್ಸಲ್ಲ ಅಂದ್ರೆ ಆಯ್ತು. ಆದ್ರೆ ಹಸ ಕೊಡೋ ದಿನ ನಾನ್ ಬಂದು ಹಲ್ ನೋಡಿ ಇಡ್ಕೊಳ್ಳೋನು. ಮುದಿ ಹಸ ಕಟ್ಗಿಟ್ಟಿಯಾ."

"ನೀನೇ ಆರಿಸ್ಕೊಳ್ಳಪ್ಪ, ಯಾರ್ ಬ್ಯಾಡ ಅಂದೋರು" ಎಂದಳು. ಮೇಡಂ ವಾಪಸು ಹೋಗುವಾಗ ಬಸ್ ಸ್ಟಾಪಿನವರೆಗೆ ಛತ್ರಿ ಹಿಡಿದದ್ದು ಬೋರೇಗೌಡನೇ. ಆ ಚೀಟಿಯವನು ಎರಡು ವರ್ಷದೊಳಗೆ ಊರು ಬಿಟ್ಟ ಅನ್ನುವುದನ್ನು ಬೇರೆ ಹೇಳಬೇಕಾಗಿಲ್ಲ.

ಮೇಡಂಗೆ ವರ್ಗವಾಯಿತು. ಹೊಸ ಮ್ಯಾನೇಜರುಗಳು ಬಂದರು, ಹೋದರು. ಕೊರೋನಾ ಬಂದು ಬಾಗಿಲು ಬಾಗಿಲಿಗೆ ಹೋಗುವುದೇ ತಪ್ಪೆಂಬಂತಾಯಿತು. ಮಂಡಿನೋವು ಜಾಸ್ತಿಯಾಗಿ ನಾನೂ ಕೆಲಸ ಬಿಟ್ಟೆ. ಭಾಗ್ಯ ಓದು ಮುಗಿಸಿ ಚಿನಕುರಳಿಯ ಹಾಲಿನ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದಳು. ಅಪ್ಪನ ಪಾಲಿನ ಜಾಗದಲ್ಲಿ ಕೊಟ್ಟಿಗೆ ಕಟ್ಟಿಸಿದಳು. ಬಾಂಡಿನ ಅವಧಿ ತುಂಬಿ ದುಡ್ಡು ಖಾತೆಗೆ ಬಂದಾಗ ಸಣ್ಣಮ್ಮ ನನಗೆ ಹೇಳಿಕಳಿಸಿದಳು. "ಅಣ್ಣ, ಅವತ್ತು ಇಡುವಾಗ ಇದ್ದೆ. ಇವತ್ತೂ ಇರ್ಬೇಕು."

ಕೆ.ಆರ್. ಪೇಟೆ ಕಡೆಯ ದನದ ಸಂತೆಗೆ ಹೋದೆವು. ಸಣ್ಣಮ್ಮ, ಭಾಗ್ಯ, ಬೋರೇಗೌಡ, ನಾನು. ಬೋರೇಗೌಡನಿಗೂ ವಯಸ್ಸಾಗಿತ್ತು, ಆದರೆ ದನ ನೋಡುವ ಕಣ್ಣು ಮಂಕಾಗಿರಲಿಲ್ಲ. ಕೆಚ್ಚಲು ಮುಟ್ಟಿ, ಹಲ್ಲು ನೋಡಿ, ನಡೆಸಿ ನೋಡಿ, ಮಧ್ಯಾಹ್ನದೊಳಗೆ ಎರಡು ಒಳ್ಳೆಯ ಹಸು ಹಿಡಿದ. ಉಳಿದ ದುಡ್ಡನ್ನು ಭಾಗ್ಯ ಎಣಿಸಿದಳು. ಅಂಥದೇ ಇನ್ನೊಂದಕ್ಕೆ ಸ್ವಲ್ಪ ಸಾಲದು ಎಂದು ಎಲ್ಲರಿಗೂ ತಿಳಿಯಿತು. ಮೇಡಂ ಮೊದಲ ದಿನವೇ ಹೇಳಿದ್ದಂತೆ ಹಸುವಿನ ಬೆಲೆ ಬುಟ್ಟಿಗಿಂತ ಜೋರಾಗಿ ಓಡಿತ್ತು. ಹತ್ತು ವರ್ಷದ ಓಟದಲ್ಲಿ ಹಿಂದೆ ಬಿದ್ದದ್ದು ಇಷ್ಟೇ ಎನ್ನುವುದು ನನಗಂತೂ ದೊಡ್ಡ ಗೆಲುವಾಗಿಯೇ ಕಂಡಿತು. ಸಣ್ಣಮ್ಮನ ಮುಖ ಮಾತ್ರ ಸಣ್ಣಗಾಯಿತು.

"ದೊಡ್ಡವ್ವ, ಎರಡೇ ಸಾಕು" ಎಂದಳು ಭಾಗ್ಯ. "ಈಗಿನ ಎರಡು ಆಗಿನ ಮೂರರಷ್ಟು ಹಾಲು ಕೊಡ್ತವೆ."

"ಹಾಲಿನ್ ಲೆಕ್ಕ ನಂಗ್ಯಾಕೆ ಯೋಳ್ತೀಯವ್ವ? ನಾನು ಹಾಲು ಕೊಡ್ತೀನಿ ಅಂದಿದ್ನಾ?"

ಬೋರೇಗೌಡ ಮೂರನೆಯ ಹಸುವಿನ ದಲ್ಲಾಳಿಯ ಹತ್ತಿರ ಹೋದ. ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೈಗಳ ಮೇಲೆ ಟವಲು ಹೊದಿಸಿ, ಒಳಗೆ ಬೆರಳು ಹಿಡಿದು ತಿಳಿಸುತ್ತಾರೆ. ಸುತ್ತ ನಿಂತವರಿಗೆ ಮುಖ ಕಾಣುತ್ತದೆ, ಬೆಲೆ ಕಾಣುವುದಿಲ್ಲ. ಇಬ್ಬರೂ ತಲೆ ಆಡಿಸಿದರು, ಬೇಡವೆಂದರು, ಮತ್ತೆ ಹಿಡಿದರು. ಕೊನೆಗೆ ಬೋರೇಗೌಡ ಟವಲು ತೆಗೆದು, "ಆಯ್ತು, ಹಗ್ಗ ಬಿಚ್ಚಿ" ಎಂದ.

"ಎಷ್ಟಕ್ಕಣ್ಣ?" ಸಣ್ಣಮ್ಮ ಕೇಳಿದಳು.

"ನಿನ್ ದುಡ್ಡಿಗೇ ಆಯ್ತು, ಬುಡು."

"ಎಷ್ಟಕ್ಕೆ ಅಂದೆ."

"ಸಂತೇಲಿ ಬಾಯ್ಬುಟ್ಟು ಯೋಳ್ಬಾರ್ದು ಕಣಮ್ಮಿ."

ಸಣ್ಣಮ್ಮ ಕೋಲನ್ನು ನನ್ನ ಕೈಗೆ ಕೊಟ್ಟು, ತನ್ನ ಬಲಗೈ ಮುಂದೆ ಚಾಚಿದಳು. "ಬಾಯಲ್ಲಿ ಯೋಳ್ಬ್ಯಾಡ. ಟವಲ್ ಹಾಕು."

ದಲ್ಲಾಳಿ ನಗಲು ಹೋದವನು ಅವಳ ಮುಖ ನೋಡಿ ಸುಮ್ಮನಾದ. ಆ ಸಂತೆಯಲ್ಲಿ ಹೆಂಗಸೊಬ್ಬಳು ಟವಲಿನೊಳಗೆ ಕೈ ಇಟ್ಟದ್ದನ್ನು ಅವನೂ ನೋಡಿರಲಾರ, ನಾನಂತೂ ನೋಡಿರಲಿಲ್ಲ. ಬೋರೇಗೌಡ ಅತ್ತಿತ್ತ ನೋಡಿದ. ಅವಳ ಕೈ ಹಿಂದೆ ಸರಿಯಲಿಲ್ಲ. ಟವಲು ಹೊದಿಸಿದ. ಸುಳ್ಳು ಬೆರಳು ಹಿಡಿಯಬಹುದಿತ್ತು, ಹಿಡಿದನೋ ಏನೋ. ಸಣ್ಣಮ್ಮ, "ಸರಿಯಾಗಿ ಇಡ್ಕೊ" ಎಂದು ಗದರಿದಳು. ಇನ್ನೊಮ್ಮೆ ಹಿಡಿದ. ಲೆಕ್ಕ ಹಾಕುತ್ತ ಅವಳ ತುಟಿಗಳು ಮೆಲ್ಲಗೆ ಅಲ್ಲಾಡಿದವು.

ಕೈ ತೆಗೆದವಳು ಸೆರಗಿನ ಗಂಟು ಬಿಚ್ಚಿ, ಮಡಿಸಿಟ್ಟಿದ್ದ ತನ್ನ ಸ್ವಂತದ ನೋಟುಗಳಲ್ಲಿ ಕಮ್ಮಿ ಬಿದ್ದಷ್ಟನ್ನು ಎಣಿಸಿ ಅವನ ಮುಂದೆ ಹಿಡಿದಳು.

"ಇದೇನಮ್ಮಿ? ಮಗ ನಂದೂ ಅಲ್ವಾ?"

"ಮಗ ನಿಂದೇ. ಮೂರು ಹಸ ಕೊಡ್ತೀನಿ ಅಂದೋಳು ನಾನು."

ಬೋರೇಗೌಡ ಎಣಿಸದೆ ಜೇಬಿಗಿಟ್ಟುಕೊಂಡ. ಸಣ್ಣಮ್ಮ ಮೂರೂ ಹಗ್ಗಗಳನ್ನು ಒಟ್ಟು ಮಾಡಿ ಭಾಗ್ಯಳ ಕೈಯಲ್ಲಿಟ್ಟು, ಅವಳ ಬೆರಳುಗಳನ್ನು ತಾನೇ ಮಡಿಸಿದಳು.

"ಇಡ್ಕವ್ವ. ನಿಮ್ಮವ್ವನವು."